ಎಫ್‌ಬಿಎಸ್ ಮತ್ತು ಗಂಗಮ್ಮನ ಉಪವಾಸ

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಬಹಳ ದಿನ ಮುಚ್ಚಿಟ್ಟ ಹಲ್ಲುನೋವನ್ನು ಕಡೆಗೊಮ್ಮೆ ಡಾಕ್ಟರ ಮುಂದೆ ಒಪ್ಪಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ಬೇರೆ ವಿಷಯಗಳಲ್ಲಿ ನಾನು ಅಷ್ಟು ಹಟಮಾರಿಯಲ್ಲ. ಜೋಳದ ರೊಟ್ಟಿ ನಮ್ಮ ಅತ್ತೆಯವರ ಹಾಗೆ ಉಬ್ಬುವುದಿಲ್ಲ ಎಂದು ಮದುವೆಯಾದ ವರ್ಷವೇ ಒಪ್ಪಿಕೊಂಡಿದ್ದೇನೆ. ಆದರೆ ಮೂರು ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ನಿಂತು, ಯಾರಾದರೂ ಅದನ್ನು ತೋರಿಸಿ ‘ಇದು ಏನ್ರಿ?’ ಎಂದು ಕೇಳಿದರೆ ಮಾತ್ರ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಕಾನ್ವೆಂಟಿನಲ್ಲಿ ಓದಿದವಳು ಎಂಬ ಹೆಸರು ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನನಗೆ ಸೊಸೆಯಾಗಿ ಬಂದ ದಿನವೇ ಅಂಟಿತು. ಆ ಹೆಸರನ್ನು ಇಷ್ಟು ವರ್ಷ ಇಸ್ತ್ರಿ ಮಾಡಿ ಇಟ್ಟುಕೊಂಡು ಬಂದಿದ್ದೇನೆ.

ಕಾನ್ವೆಂಟಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ನಾವು ನೋಟ್‌ಬುಕ್ಕಿನ ಪ್ರತಿ ಹಾಳೆಯ ನೆತ್ತಿಯ ಮೇಲೆ ‘ಜೆ.ಎಂ.ಜೆ.’ ಎಂದು ಬರೆಯಬೇಕಿತ್ತು. ಒಂದನೇ ಇಯತ್ತೆಯಿಂದ ಹತ್ತನೆಯವರೆಗೆ, ಗಣಿತಕ್ಕೂ ಅದೇ, ಕನ್ನಡಕ್ಕೂ ಅದೇ. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ! ನಮ್ಮ ತಂದೆಯವರು ಅದು ನೋಟ್‌ಬುಕ್ ಮಾಡುವ ಕಂಪನಿಯ ಹೆಸರು ಎಂದು ತಿಳಿದು ಅಂಗಡಿಯಲ್ಲಿ ಹೋಗಿ ‘ಜೆ.ಎಂ.ಜೆ.ದೇ ಕೊಡ್ರಿ, ನಮ್ಮ ಹುಡುಗಿಗಿ ಅದೇ ಬೇಕು’ ಎಂದು ಹಟ ಹಿಡಿದಿದ್ದರಂತೆ. ಹತ್ತನೆಯ ಪರೀಕ್ಷೆ ಹತ್ತಿರ ಬಂದಾಗ, ನನಗಿಂತ ನಾಲ್ಕು ವರ್ಷ ಚಿಕ್ಕವಳೊಬ್ಬಳು ಅದು ಯೇಸು, ಮರಿಯಾ, ಜೋಸೆಫರ ಹೆಸರು ಎಂದು ಹೇಳಿದಳು. ‘ಅಷ್ಟೂ ಗೊತ್ತಿಲ್ಲೇನು ನನಗ?’ ಎಂದು ನಾನು ಅವಳನ್ನೇ ಗದರಿಸಿದೆ. ಹತ್ತು ವರ್ಷ ಮೂವರು ಪವಿತ್ರರನ್ನು ತಲೆಯ ಮೇಲೆ ಹೊತ್ತು, ಅವರ ಪರಿಚಯವೇ ಇಲ್ಲದೆ ನಡೆದವಳು ನಾನು.

ಮದುವೆಯ ನಂತರ ಈ ರೋಗ ಇನ್ನಷ್ಟು ಬಲಿಯಿತು. ಮನೆಯವರು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ. ಸಂಜೆ ಊಟಕ್ಕೆ ಕೂತರೆ ‘ಇವತ್ತ ಕ್ಯೂಎದವ್ರು ಎಸ್‌ಒಪಿ ಬದಲ್ ಮಾಡ್ಯಾರ, ಕ್ಯೂಸಿದವ್ರು ಸಿಟ್ಟಾಗ್ಯಾರ’ ಎಂದು ಶುರುಮಾಡುತ್ತಾರೆ. ನಾನು ಪಲ್ಯ ಬಡಿಸುತ್ತ ‘ಹೌದಲ್ರಿ, ಸಿಟ್ಟಾಗೋದೇ’ ಎನ್ನುತ್ತೇನೆ. ಯಾರು, ಯಾಕೆ, ಯಾರ ಮೇಲೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಒಮ್ಮೆ ಧೈರ್ಯ ಮಾಡಿ ‘ಪಿಡಿಎಫ್ ಅಂದರೇನು?’ ಎಂದು ಕೇಳಿದೆ. ಅವರು ತುತ್ತನ್ನು ಅರ್ಧಕ್ಕೆ ನಿಲ್ಲಿಸಿ, ‘ಪಿಡಿಎಫ್ ಅಂದ್ರ ಪಿಡಿಎಫ್. ಅದಕ್ಕೇನ್ ಅಪ್ಪ ಅವ್ವ ಇರ್ತಾರೇನ?’ ಎಂದರು. ಅವರಿಗೂ ಗೊತ್ತಿಲ್ಲ ಎಂದು ತಿಳಿದು ನನಗೆ ಎಷ್ಟು ಸಮಾಧಾನವಾಯಿತೆಂದರೆ ಒಂದು ಹೋಳಿಗೆ ಹೆಚ್ಚು ಬಡಿಸಿದೆ. ಪಕ್ಕದ ಮನೆಯ ಹೆಣ್ಣುಮಕ್ಕಳು ಬ್ಯಾಂಕಿನ ಕಾಗದ ತಂದು ‘ಕೆವೈಸಿ ಅಂದ್ರೇನ್ರಿ ವೈನಿ?’ ಎಂದು ಕೇಳಿದಾಗ ‘ಅದು ಕರ್ನಾಟಕದ ಒಂದು ಕಮಿಟಿ’ ಎಂದು ಗಂಭೀರವಾಗಿ ಹೇಳಿದ್ದೂ ಉಂಟು. ಅವರು ನಂಬಿದರು. ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ತೊಂದರೆ ಆಗದೆ ಇದ್ದದ್ದೇ ದೊಡ್ಡ ತೊಂದರೆಯಾಯಿತು, ನನ್ನ ಅಭ್ಯಾಸ ಗಟ್ಟಿಯಾಯಿತು.

ಹುಮನಾಬಾದಿನಲ್ಲಿ ಒಂದು ಸಣ್ಣ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಇದೆ. ತಿಂಗಳ ಎರಡನೆಯ ಬುಧವಾರ ಹೊರಗಿನಿಂದ ಒಬ್ಬ ಸರ್ಜನ್ ಬಂದು ಪೊರೆ ತೆಗೆಯುತ್ತಾರೆ. ನಮ್ಮ ಅತ್ತೆಯವರ ಕಣ್ಣು ಅಲ್ಲೇ ಆದದ್ದು. ಆಗ ಕಾಯುತ್ತ ಕೂತವಳು ಫೋನಿನಲ್ಲಿ ಆಸ್ಪತ್ರೆಯ ವೆಬ್‌ಸೈಟ್ ತೆರೆದು, ಅದರಲ್ಲಿದ್ದ ಆರು ಕಾಗುಣಿತದ ತಪ್ಪುಗಳನ್ನು ಹುಡುಕಿ, ಅಲ್ಲಿನ ಸಿಸ್ಟರ್ ಸುಜಾತಾ ಅವರಿಗೆ ನಯವಾಗಿ ತೋರಿಸಿದೆ. ಅವರು ನನಗಿಂತ ನಯವಾಗಿ, ‘ನೀವೇ ಬರೆದು ಕೊಡ್ರಿ ಮೇಡಂ, ನಮಗೆ ಪುರುಸೊತ್ತಿಲ್ಲ’ ಎಂದರು. ಹಾಗೆ ನಾನು ಆ ವೆಬ್‌ಸೈಟಿನ ಕನ್ನಡ ಪುಟಗಳ ಬರಹಗಾರ್ತಿಯಾದೆ. ಎರಡನೆಯ ಬುಧವಾರ ಮನೆಯವರ ಜೊತೆ ಹುಮನಾಬಾದಿಗೆ ಹೋಗುವುದು, ಆಸ್ಪತ್ರೆಯಲ್ಲಿ ನಾಲ್ಕು ಜನರಿಗೆ ದಾರಿ ತೋರಿಸುವುದು, ಸಂಜೆ ಅವರ ಜೊತೆಗೇ ಮರಳುವುದು.

‘ಆಪರೇಷನ್ನಿಗೆ ಮೊದಲು’ ಎಂಬ ಪುಟವನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೆ. ಸಿಸ್ಟರ್ ಒಂದು ಚೀಟಿಯಲ್ಲಿ ಗೀಚಿ ಕೊಟ್ಟದ್ದನ್ನು ಹಾಗೇ ಇಳಿಸಿದೆ: ‘ಓಪಿಡಿಯಲ್ಲಿ ಹೆಸರು ಬರೆಸಿ. ಎಫ್‌ಬಿಎಸ್, ಪಿಪಿಬಿಎಸ್, ಬಿಪಿ, ಇಸಿಜಿ ಕಡ್ಡಾಯ. ಎಫ್‌ಬಿಎಸ್‌ಗೆ ಬೆಳಿಗ್ಗೆ ಎಂಟಕ್ಕೆ ಬರುವುದು.’ ನೋಡಲು ಎಷ್ಟು ಅಚ್ಚುಕಟ್ಟಾಗಿತ್ತು! ಆಸ್ಪತ್ರೆ ಎಂದರೆ ಹೀಗಿರಬೇಕು ಅನ್ನಿಸಿತು. ಬಿಡಿಸಿ ಬರೆದರೆ ಹಳ್ಳಿಯ ದವಾಖಾನೆಯ ಬೋರ್ಡಿನ ಹಾಗೆ ಕಾಣಿಸೀತು ಎಂದು ನಾನೇ ತೀರ್ಮಾನಿಸಿದೆ. ಎಫ್‌ಬಿಎಸ್ ಎಂದರೆ ಏನೆಂದು ಆಗ ನನಗೆ ಸುಮಾರಾಗಿ ಗೊತ್ತಿತ್ತು. ಇಸಿಜಿ ಎದೆಗೆ ಸಂಬಂಧಿಸಿದ್ದು ಎನ್ನುವಷ್ಟು ಗೊತ್ತಿತ್ತು. ಪಿಪಿಬಿಎಸ್ ಬಗ್ಗೆ ಮಾತಾಡುವುದು ಬೇಡ.

ಮುಂದಿನ ಎರಡನೆಯ ಬುಧವಾರ ನಾನು ಒಳಗೆ ಹೋಗುವಾಗ ಬೆಂಚಿನ ತುದಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಇಳಕಲ್ ಸೀರೆಯ ಸೆರಗಿನಲ್ಲಿ ಒಂದು ಮೂಲೆಗೆ ಗಂಟು, ಇನ್ನೊಂದು ಮೂಲೆಯಲ್ಲಿ ಆಡಿನ ಕೂದಲು ಎರಡು ಮೂರು ಎಳೆ. ಮಡಿಲಲ್ಲಿ ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆ, ಖಾಲಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದು. ಮುಡಬಿ ಹಳ್ಳಿಯ ಗಂಗಮ್ಮ ಎಂದು ಆಮೇಲೆ ತಿಳಿಯಿತು. ಸಿಸ್ಟರ್ ಸುಜಾತಾ ಅವಳಿಗೆ ಹೇಳುತ್ತಿದ್ದರು:

‘ಎಫ್‌ಬಿಎಸ್ ಆಗಿಲ್ಲ ಅಜ್ಜಿ, ಇವತ್ತ ಆಪರೇಷನ್ ಆಗಂಗಿಲ್ಲ. ಮುಂದಿನ ತಿಂಗಳ ಬಾ.’

‘ಯಾಕ ಆಗಿಲ್ಲ? ಮುಂಜಾನಿಂದ ಹುಡಕಾಕತ್ತೀನಿ ಆ ಎಫ್‌ಬಿಎಸ್ ಡಾಕ್ಟರ್‌ನ. ಯಾವ ಖೋಲಿಯಾಗ ಕೂಡ್ತಾನ ಅಂತ ಯಾರೂ ಹೇಳವಲ್ರು.’

‘ಅದು ಡಾಕ್ಟರ್ ಅಲ್ಲ ಅಜ್ಜಿ, ಸಕ್ಕರಿ ಪರೀಕ್ಷೆ. ಹೊಟ್ಟಿ ಖಾಲಿ ಇರಬೇಕು. ನೀ ಉಂಡು ಬಂದೀದಿ.’

‘ಉಣ್ಣದ ಯಾರರ ಊರ ಬಿಡ್ತಾರೇನವ್ವಾ?’ ಎಂದಳು ಗಂಗಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಖರೇ ಆಶ್ಚರ್ಯವಿತ್ತು. ‘ಸೊಸಿ ನಸಿಕಿಗೆ ಎದ್ದು ಮೂರ ರೊಟ್ಟಿ ತಟ್ಯಾಳ. ದವಾಖಾನಿಗಿ ಹೊಂಟಾಕಿ, ಹೊಟ್ಟಿತುಂಬ ಉಂಡು ಹೋಗು, ಅಲ್ಲಿ ಎಷ್ಟೊತ್ತಾಗ್ತದೋ ಅಂದಳು.’

ಸಿಸ್ಟರಿಗೆ ಅಂದು ನಲವತ್ತು ಜನ ರೋಗಿಗಳು. ಅವರು ಮುಂದಿನವರ ಕಡೆ ತಿರುಗಿದರು. ಗಂಗಮ್ಮ ನನ್ನ ಹೆಜ್ಜೆಯ ಸಪ್ಪಳ ಬಂದ ದಿಕ್ಕಿಗೆ ಮುಖ ಮಾಡಿ, ಕೇಳದಿದ್ದರೂ ತಾನೇ ಹೇಳತೊಡಗಿದಳು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿದೆ, ಇನ್ನೊಂದರಲ್ಲಿ ಹೊಗೆ. ಹದಿನಾಲ್ಕು ಆಡುಗಳಿವೆ. ಅವನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುವುದು ಅವಳ ಕೆಲಸ, ಹನ್ನೆರಡು ವರ್ಷದಿಂದ. ಈಗ ಎರಡು ಸಲ ಸಂಜೆ ಬೇರೆಯವರ ಆಡು ಹೊಡೆದುಕೊಂಡು ಮನೆಗೆ ಬಂದಿದ್ದಾಳೆ, ಒಮ್ಮೆ ತನ್ನದನ್ನು ಬಿಟ್ಟು ಬಂದಿದ್ದಾಳೆ. ಮಗ ಹೇಳಿಬಿಟ್ಟಿದ್ದಾನೆ, ದೀಪಾವಳಿಯೊಳಗೆ ಕಣ್ಣು ಆಗದಿದ್ದರೆ ಅಷ್ಟೂ ಆಡುಗಳನ್ನು ಕೊಹಿನೂರ ಊರಿನ ಅಕ್ಕನ ಮನೆಗೆ ಕಳಿಸುತ್ತೇನೆ ಎಂದು.

‘ಆಡ ಹೋದ ಮ್ಯಾಗ ನಾ ಏನ್ ಮಾಡ್ಲಿ ತಂಗಿ? ಗೋಡಿ ನೋಡಕೋತ ಕೂಡಬೇಕಾ? ಗೋಡೀನೂ ಕಾಣಂಗಿಲ್ಲ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ದೀಪಾವಳಿಗೆ ಇನ್ನು ಎರಡೇ ಎರಡು ‘ಎರಡನೆಯ ಬುಧವಾರ’ ಉಳಿದಿದ್ದವು.

‘ಇಲ್ಲಿಗೆ ಬರೋ ಮೊದಲು ಫೋನ್ ಮಾಡಿ ಕೇಳಲಿಲ್ಲವೇ?’ ಎಂದೆ, ತಪ್ಪು ಇನ್ನೊಬ್ಬರ ಮೇಲೆ ಹೋಗಬಹುದೇನೋ ಎಂಬ ಆಸೆಯಿಂದ.

‘ಕೇಳ್ಯಾರ, ಕೇಳ್ಯಾರ’ ಎಂದು ಮೇಜಿನ ಹಿಂದಿನಿಂದ ಖಾಜಾಸಾಬರು ಉತ್ತರ ಕೊಟ್ಟರು. ಆಸ್ಪತ್ರೆಯ ಫೋನ್ ಎತ್ತುವವರು ಅವರು. ಹುಟ್ಟಿನಿಂದಲೂ ಕಣ್ಣಿಲ್ಲ. ಕಣ್ಣಿನ ದವಾಖಾನೆಯಲ್ಲಿ ಕುರುಡನೇ ಫೋನ್ ಎತ್ತುತ್ತಾನೆ ಎಂದು ಯಾರಾದರೂ ಅಂದರೆ, ‘ಇಲ್ಲಿ ನಾ ಒಬ್ಬನೇ ನೋಡ್ರಿ ಆಪರೇಷನ್‌ಗೆ ಅಂಜದೇ ಇರಾವ’ ಎನ್ನುತ್ತಾರೆ. ಯಾರಾದರೂ ಏನಾದರೂ ಕೇಳಿದರೆ ಅವರು ವೆಬ್‌ಸೈಟಿನ ಪುಟ ತೆರೆದು, ಫೋನ್ ಅದನ್ನು ಓದಿ ಹೇಳಿದ್ದನ್ನು ಕೇಳಿ, ಹಾಗೇ ಹೇಳುತ್ತಾರೆ. ಸ್ವಂತದ್ದು ಒಂದು ಶಬ್ದ ಸೇರಿಸುವುದಿಲ್ಲ. ಅದು ಅವರ ನೇಮ. ‘ನಿನ್ನಿ ಇವರ ಸೊಸಿ ಫೋನ್ ಮಾಡಿದ್ದಳು. ಪುಟದಾಗ ಏನದ ಅದೇ ಹೇಳೀನಿ. ನೀವೂ ಕೇಳ್ರಿ ಜರಾ ಅಕ್ಕಾರ, ಆ ಪುಟ ಹ್ಯಾಂಗ ಕೇಳಿಸ್ತದ.’

ಅವರು ಗುಂಡಿ ಒತ್ತಿದರು. ಫೋನಿನೊಳಗಿನ ಹೆಣ್ಣುಮಗಳು ‘ಆಪರೇಷನ್ನಿಗೆ ಮೊದಲು’ ಎಂದು ಸ್ಪಷ್ಟವಾಗಿ ಶುರುಮಾಡಿ, ನನ್ನ ಅಚ್ಚುಕಟ್ಟಾದ ಸಾಲಿಗೆ ಬಂದದ್ದೇ ತಡ, ಹುಮನಾಬಾದಿನಲ್ಲಿ ನಿಲ್ಲದೆ ಹೋಗುವ ರೈಲಿನ ಹಾಗೆ ಎಫ್‌ಬಿಎಸ್‌ಪಿಪಿಬಿಎಸ್‌ಬಿಪಿಇಸಿಜಿ ಎಂದು ಒಂದೇ ಉಸಿರಿಗೆ ಧಡಧಡ ದಾಟಿಹೋದಳು. ಬೆಂಚಿನ ಮೇಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಒಬ್ಬ ಮುದುಕ ‘ಯಾರಿಗೋ ಬೈಯ್ಯಾಕತ್ತಾರ’ ಎಂದ. ಅದನ್ನು ಬರೆದದ್ದು ನಾನು ಎಂದು ಸಿಸ್ಟರ್ ಬಿಟ್ಟರೆ ಅಲ್ಲಿ ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಖಾಜಾಸಾಬರು. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗಂಗಮ್ಮನ ಕೈಹಿಡಿದು ಬಸ್ಸಿನವರೆಗೆ ಬಿಟ್ಟು ಬಂದೆ. ಅಷ್ಟಕ್ಕೇ ಅವಳು ನನ್ನ ತಲೆ ಮುಟ್ಟಿ ಒಳ್ಳೆಯದಾಗಲಿ ಅಂದಳು. ಆ ಒಳ್ಳೆಯದು ಸಂಜೆಯವರೆಗೆ ನನ್ನ ತಲೆಯ ಮೇಲೆ ಭಾರವಾಗಿ ಕೂತಿತ್ತು.

ಮರುದಿನವೇ ತಿದ್ದಲು ಕೂತೆ. ವೆಬ್‌ಸೈಟ್ ಕಟ್ಟಿಕೊಟ್ಟ ಹೆಣ್ಣುಮಗಳು ಒಂದು ಉಪಾಯ ಹೇಳಿಕೊಟ್ಟಳು. ಚಿಕ್ಕ ರೂಪದ ಕೆಳಗೆ ಚುಕ್ಕೆಗಳ ಗೆರೆ ಬರುತ್ತದೆ, ಕಂಪ್ಯೂಟರಿನ ಬಾಣವನ್ನು ಅದರ ಮೇಲೆ ಇಟ್ಟರೆ ಪೂರ್ಣ ರೂಪ ತೇಲಿಬರುತ್ತದೆ. ನೋಡಲು ಜರಿಯ ಅಂಚಿನಷ್ಟು ಚೆಂದ. ಎಲ್ಲಕ್ಕೂ ಹಾಕಿದೆ. ಹಾಕಿ ಖಾಜಾಸಾಬರಿಗೆ ಫೋನ್ ಮಾಡಿದೆ.

‘ನನ್ನ ಫೋನ್ ಏನೂ ಹೇಳವಲ್ದು ಅಕ್ಕಾರ. ಹಿಂದಿನ ರೈಲೇ ಹೋಗಾಕತ್ತದ.’

‘ಬಾಣ ಅದರ ಮೇಲೆ ಇಡಬೇಕು ಖಾಜಾಸಾಬ್.’

‘ಬಾಣ ಎಲ್ಲಿಂದ ತರ್ಲಿ? ನನ್ನ ಕಡಿ ಇರೋದು ಫೋನ್. ಮುಡಬಿಯವ್ರ ಕಡೀನೂ ಫೋನೇ ಇರೋದು. ಕೈಬಟ್ಟು ಇಟ್ಟರ ಒತ್ತಿದಂಗ ಆಗ್ತದ, ತೇಲಂಗಿಲ್ಲ, ಬೀಳಂಗಿಲ್ಲ.’ ಆಮೇಲೆ ನನಗೆ ನೋವಾಗದ ಹಾಗೆ ಹೇಳಿದರು: ‘ಅಡಗಿಸಿ ಇಡೋದ್ಯಾಕ್ರಿ? ಹೇಳೋದೇ ಅದ ಅಂದ ಮ್ಯಾಲ ಮೊದಲನೇ ಸಲ ಬಂದಲ್ಲೇ ಪೂರಾ ಹೇಳಿಬಿಡ್ರಿ. ಆಮ್ಯಾಲ ಸಣ್ಣದು ಬಂದರೂ ಫಿಕರಿಲ್ಲ.’

ಅದು ಸರಿ ಎನ್ನಿಸಿತು. ಚುಕ್ಕೆಗಳ ಜರಿ ಕಿತ್ತು ಹಾಕಿ, ಮೊದಲು ಬಂದಲ್ಲೇ ಬಿಡಿಸಿ ಬರೆದೆ: ‘ಎಫ್‌ಬಿಎಸ್, ಅಂದರೆ ಉಪವಾಸದ ರಕ್ತ ಸಕ್ಕರೆ ಪರೀಕ್ಷೆ. ಇದಕ್ಕೆ ಉಪವಾಸವಿದ್ದು ಬರಬೇಕು.’ ಇದಕ್ಕಿಂತ ಸ್ವಚ್ಛವಾದ ಕನ್ನಡ ಯಾರು ಬರೆದಾರು? ಖಾಜಾಸಾಬರು ಪುಟ ಕೇಳಿ ‘ಈಗ ರೈಲು ಸ್ಟೇಷನ್‌ದಾಗ ನಿಂತದ’ ಎಂದರು. ಮನೆಯವರಿಗೂ ಓದಿ ಹೇಳಿದೆ. ಅವರು ‘ಎಸ್‌ಒಪಿ ಹ್ಯಾಂಗಿರಬೇಕೋ ಹಾಂಗದ’ ಎಂದು ಮೆಚ್ಚಿದರು. ಅದು ಮೆಚ್ಚುಗೆ ಎಂದು ದನಿಯಿಂದ ತಿಳಿಯಿತು.

ಮುಂದಿನ ತಿಂಗಳು ಗಂಗಮ್ಮ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಆ ರೊಟ್ಟಿಯ ಬಟ್ಟೆ ಇರಲಿಲ್ಲ. ಹಿಂದಿನ ದಿನ ಸೊಸೆ ಮತ್ತೆ ಫೋನ್ ಮಾಡಿದ್ದಳು, ಖಾಜಾಸಾಬರು ನನ್ನ ಸ್ವಚ್ಛ ಕನ್ನಡವನ್ನು ಅಕ್ಷರ ಬಿಡದೆ ಹೇಳಿದ್ದರು. ನಾನು ಒಳ್ಳೆ ಸೀರೆ ಉಟ್ಟು ಬಂದಿದ್ದೆ. ಪೊರೆ ತೆಗೆಸಿಕೊಳ್ಳುವವಳು ನಾನಲ್ಲ, ಆದರೂ ಉಟ್ಟಿದ್ದೆ.

‘ಉಪಾಸ ಇದ್ದೀ ಹೌದಿಲ್ಲ ಅಜ್ಜಿ?’ ಎಂದರು ಸಿಸ್ಟರ್, ಸೂಜಿ ಹಿಡಿದು.

‘ಕಡಕ್ ಉಪಾಸ.’

‘ಏನೂ ತಿಂದಿಲ್ಲ?’

‘ಉಪಾಸಂದ್ರ ಉಪಾಸೇ. ಒಂದೀಟ ಸಾಬೂದಾಣಿ ಖಿಚಡಿ, ಎರಡು ಶೇಂಗಾ ಉಂಡಿ, ಒಂದ ಬಾಳಿಹಣ್ಣ, ಒಂದ ಬಟ್ಟಲ ಹಾಲ. ಜ್ವಾಳ, ಅಕ್ಕಿ ಬಾಯಿಗೆ ಮುಟ್ಟಿಸಿಲ್ಲ. ಸೋಮಾರದ ಉಪಾಸಕ್ಕಿಂತ ಚಂದ ಮಾಡೀನಿ.’

ಸಿಸ್ಟರ್ ಸೂಜಿಯನ್ನು ಟ್ರೇಯಲ್ಲಿ ಮೆಲ್ಲಗೆ ಇಟ್ಟರು. ನಾನು ಕಿಟಕಿಯ ಕಡೆ ನೋಡಿದೆ. ನಮ್ಮ ಮನೆಯಲ್ಲಿ ಏಕಾದಶಿಗೆ ನಾನೇ ಮಾಡುವುದು ಸಾಬೂದಾಣಿ ಖಿಚಡಿ. ಉಪವಾಸದ ದಿನ ಉಳಿದ ದಿನಕ್ಕಿಂತ ಎರಡು ಪಾತ್ರೆ ಹೆಚ್ಚು ತೊಳೆಯುವವಳು ನಾನೇ. ಈ ಸೀಮೆಯಲ್ಲಿ ಉಪವಾಸವೆಂದರೆ ಏನೆಂದು ನನಗೆ ಗೊತ್ತಿಲ್ಲದೆ ಇತ್ತೇ? ಆದರೆ ಬರೆಯುವಾಗ ನಾನು ಅಡುಗೆಮನೆಯಲ್ಲಿ ಇರಲಿಲ್ಲ, ಕಾನ್ವೆಂಟಿನ ಬೆಂಚಿನ ಮೇಲೆ ಇದ್ದೆ.

ಗಂಗಮ್ಮನಿಗೆ ಏನಾಯಿತೆಂದು ನಿಧಾನವಾಗಿ ಅರ್ಥವಾಯಿತು. ಈ ಸಲ ನಗಲಿಲ್ಲ. ‘ಇನ್ನ ಒಂದ ತಿಂಗಳಾ?’ ಎಂದಳಷ್ಟೆ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, ‘ಕರಿ ಆಡು ಗಬ್ಬ ಅದ. ಅದೊಂದಾದ್ರೂ ಇಲ್ಲೇ ಇರ್ಲಿ ಅಂತ ಮಗಗ ಹೇಳಬೇಕು’ ಎಂದಳು. ಹೊಗೆ ತುಂಬಿದ ಆ ಕಣ್ಣಿನಲ್ಲಿ ನೀರು ಬಂದರೆ ಅದು ಬೇರೆ ಕಣ್ಣುಗಳ ಹಾಗೆ ಹೊಳೆಯುವುದಿಲ್ಲ ಎಂದು ನಾನು ಅಂದು ನೋಡಿದೆ.

ನಾನು ಅವಳ ಪಕ್ಕ ಕೂತು ಹೇಳಿದೆ, ‘ಅಜ್ಜಿ, ಆ ಪುಟ ಬರೆದವಳು ನಾನೇ. ಹೋದ ಸಲದ್ದೂ ನಾನೇ, ಈ ಸಲದ್ದೂ ನಾನೇ.’

ಅವಳು ನನ್ನ ದನಿಯ ಕಡೆ ಮುಖ ತಿರುಗಿಸಿದಳು. ‘ಭಾಳ ಸಾಲಿ ಕಲ್ತೀಯೇನ್ ತಂಗಿ?’ ಎಂದು ಕೇಳಿದಳು. ಅದು ಬೈಗುಳವೋ ಪ್ರಶ್ನೆಯೋ ಎಂದು ಇವತ್ತಿಗೂ ಲೆಕ್ಕ ಹತ್ತಿಲ್ಲ. ಖಾಜಾಸಾಬರು ಮಾತ್ರ ಮೇಜಿನ ಹಿಂದಿನಿಂದ, ‘ಮುದುಕಿನೇ ಕೂಡಿಸಿಕೊಂಡು ಬರೀರಿ ಅಕ್ಕಾರ. ಆಕೀಗಿ ತಿಳದ್ರ ಹುಮನಾಬಾದಕ್ಕ ತಿಳದಂಗ’ ಎಂದರು.

ಹಾಗೆ ಆ ಬೆಂಚಿನ ಮೇಲೆ ನನಗೆ ಮರುಪರೀಕ್ಷೆ ಆಯಿತು. ನಾನು ಒಂದೊಂದು ಸಾಲು ಓದುವುದು, ಗಂಗಮ್ಮ ಪ್ರಶ್ನೆ ಕೇಳುವುದು. ‘ಹಿಂದಿನ ದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನಬಾರದು’ ಎಂದೆ. ‘ಚಹಾ?’ ಎಂದಳು. ಚಹಾ ಬೇಡ ಎಂದು ಸೇರಿಸಿದೆ. ‘ಎಲಿ ಅಡಿಕಿ?’ ಅದೂ ಬೇಡ. ‘ತಂಬಾಕ ಹಲ್ಲಿಗಿ ತಿಕ್ಕೋದು?’ ಸಿಸ್ಟರನ್ನು ಕೇಳಿದೆ, ಅದೂ ಬೇಡ. ‘ನೀರ?’ ಕುಡಿಯಬಹುದು. ‘ಹಂಗಾರ ಅದನ್ನ ಮೊದಲ ಬರಿ. ಇಲ್ಲಂದ್ರ ಬಿಸಲಾಗ ನಾಲಗಿ ಒಣಗಿಸ್ಕೊಂಡು ಬರ್ತಾರ ಮಂದಿ.’ ಸಾಬೂದಾಣಿ, ಶೇಂಗಾ, ಬಾಳೆಹಣ್ಣು, ಹಾಲು ಇವು ನಾಲ್ಕನ್ನೂ ಹೆಸರು ಹಿಡಿದು ಬರೆಸಿದಳು. ದಿನಾ ಮಾತ್ರೆ ನುಂಗುವವರು ಮೊದಲೇ ಫೋನ್ ಮಾಡಿ ಕೇಳಬೇಕು ಎಂದು ಸಿಸ್ಟರ್ ಸೇರಿಸಿದರು. ಪಿಪಿಬಿಎಸ್ ಬಂದಾಗ ನಾನು ಎರಡು ಸಲ ಕೆಮ್ಮಿದೆ. ಸಿಸ್ಟರ್ ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ, ಊಟವಾಗಿ ಎರಡು ತಾಸಿಗೆ ಮತ್ತೆ ನೋಡುವ ಸಕ್ಕರೆ ಎಂದು ಹೇಳಿಕೊಟ್ಟರು. ಇಸಿಜಿಗೆ ‘ಎದೆಗೆ ತಂತಿ ಹಚ್ಚಿ ಬಡಿತ ನೋಡುವುದು, ನೋವಾಗುವುದಿಲ್ಲ’ ಎಂದು ಬರೆದೆವು. ‘ನೋವಾಗುವುದಿಲ್ಲ’ ಎನ್ನುವುದು ಗಂಗಮ್ಮ ಹೇಳಿ ಹಾಕಿಸಿದ್ದು. ಅವಳ ಓರಗಿತ್ತಿ ಆ ತಂತಿಗೆ ಅಂಜಿಯೇ ಇಲ್ಲಿಗೆ ಬಂದಿಲ್ಲವಂತೆ. ಚಿಕ್ಕ ರೂಪಗಳನ್ನು ತೆಗೆದು ಹಾಕಲಿಲ್ಲ, ಚೀಟಿಯ ಮೇಲೆ ಅವೇ ಇರುತ್ತವಾದ್ದರಿಂದ ಪಕ್ಕದಲ್ಲಿ ಇಟ್ಟೆವು. ಮೂರು ಸಾಲಿನ ನನ್ನ ಪುಟ ಒಂದೂವರೆ ಹಾಳೆಯಾಯಿತು. ಅಚ್ಚುಕಟ್ಟು ಹೋಯಿತು. ಖಾಜಾಸಾಬರ ಫೋನು ಅದನ್ನು ಓದುವಾಗ ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿ ಕೇಳಿದರು. ಯಾರೂ ತಲೆ ಎತ್ತಲಿಲ್ಲ, ತಲೆ ಆಡಿಸಿದರು.

ಅದರ ಮುಂದಿನ ತಿಂಗಳ ಎರಡನೆಯ ಬುಧವಾರ, ಅಂದರೆ ದೀಪಾವಳಿಗೆ ಮೊದಲಿನ ಕಡೆಯದು, ಗಂಗಮ್ಮ ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿ ಬಂದಳು. ಬಾಯಿ ಬಿಗಿದುಕೊಂಡಿದ್ದಳು, ಗಾಳಿ ಕೂಡ ಒಳಗೆ ಹೋಗಬಾರದು ಎನ್ನುವ ಹಾಗೆ. ಸಕ್ಕರೆ ಮಿತಿಯಲ್ಲಿತ್ತು. ಮಧ್ಯಾಹ್ನ ಹೊಗೆಯ ಕಣ್ಣಿನ ಪೊರೆ ತೆಗೆದರು. ಗುರುವಾರ ಪಟ್ಟಿ ಬಿಚ್ಚುವ ಹೊತ್ತಿಗೆ ನಾನೂ ಹೋಗಿದ್ದೆ. ನನಗೆ ಅಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ ಕೂತರೂ ಕೆಲಸವಾಗುತ್ತಿರಲಿಲ್ಲ.

ಅವಳು ಮೊದಲು ತನ್ನ ಕೈ ನೋಡಿಕೊಂಡಳು, ಹಿಂದೆ ಮುಂದೆ ತಿರುಗಿಸಿ. ಆಮೇಲೆ ಸೆರಗಿನ ಮೂಲೆ ಎತ್ತಿ, ಅಲ್ಲಿ ಅಂಟಿದ್ದ ಕೂದಲನ್ನು ಬೆಳಕಿಗೆ ಹಿಡಿದು, ‘ಇದು ಕರಿ ಆಡಿಂದು’ ಎಂದಳು. ಮಗ ಬಾಗಿಲ ಬಳಿ ನಿಂತಿದ್ದ, ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ. ಆಡುಗಳು ಕೊಹಿನೂರಕ್ಕೆ ಹೋಗುವುದಿಲ್ಲ ಎಂದು ಎಲ್ಲರಿಗೂ ಅಷ್ಟರಲ್ಲೇ ತಿಳಿಯಿತು. ಗಂಗಮ್ಮ ನನ್ನ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ನೋಡಿ, ‘ನೀನೇನ ಬರ್ದಾಕಿ? ದನಿ ಕೇಳಿ ಇನ್ನೂ ದೊಡ್ಡಾಕಿ ಇದ್ದೀ ಅಂತ ಮಾಡಿದ್ದೆ’ ಎಂದಳು. ಆಮೇಲೆ ಕೈಯಲ್ಲಿದ್ದ ಚೀಟಿ ನನ್ನ ಮುಂದೆ ಹಿಡಿದಳು. ಕಣ್ಣಿಗೆ ಬಿಡುವ ಹನಿಯ ಚೀಟಿ. ಔಷಧಿಯ ಹೆಸರಿನ ಮುಂದೆ ಸರ್ಜನ್ ಮೂರು ಅಕ್ಷರ ಗೀಚಿದ್ದರು. ಕ್ಯೂ, ಐ, ಡಿ.

ನನ್ನ ಬೆನ್ನು ನೆಟ್ಟಗಾಯಿತು. ‘ಡಿ’ ಎಂದರೆ ದಿನವೇ ಇರಬೇಕು, ‘ಐ’ ಎಂದರೆ ಕಣ್ಣಿರಬಹುದು, ‘ಕ್ಯೂ’... ಉತ್ತರ ನನ್ನೊಳಗೆ ತಾನಾಗಿ ಕಟ್ಟಿಕೊಳ್ಳುತ್ತಿತ್ತು, ಕರ್ನಾಟಕದ ಕಮಿಟಿ ಕಟ್ಟಿಕೊಂಡ ಹಾಗೆ. ಗಂಗಮ್ಮ ಹೊಸ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಪೊರೆ ಹೋದ ಕಣ್ಣು ಬಹಳ ಚೆನ್ನಾಗಿ ನೋಡುತ್ತದೆ.

‘ನನಗೆ ಗೊತ್ತಿಲ್ಲ ಅಜ್ಜಿ’ ಎಂದೆ.

‘ಗೊತ್ತಿಲ್ಲಾ?’ ಅವಳ ಮುಖ ಅರಳಿತು. ‘ಛಲೋ ಆತು ನೋಡು. ನಿನಗ ಗೊತ್ತಿದ್ದಾಗ ಎರಡ ಸಲ ಹೊಳ್ಳಿ ಹೋಗೀನಿ.’

ಖಾಜಾಸಾಬರು ಮೇಜಿನ ಹಿಂದೆ ನಕ್ಕದ್ದು ಕೇಳಿಸಿತು. ನಾನು ಚೀಟಿ ಹಿಡಿದುಕೊಂಡು ಹೋಗಿ ಸಿಸ್ಟರ್ ಸುಜಾತಾ ಅವರ ಕೋಣೆಯ ಮುಂದಿನ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಏಳು ಜನ, ಏಳೂ ಕೈಯಲ್ಲಿ ಅಂಥದೇ ಚೀಟಿ. ಎದುರಿಗಿದ್ದ ಹೆಣ್ಣುಮಗಳು ತಿರುಗಿ, ನನ್ನ ಕನ್ನಡಕ, ಹೆಗಲಿನ ಚೀಲ, ಚೀಲದಲ್ಲಿದ್ದ ಪೆನ್ನು ಎಲ್ಲ ನೋಡಿ, ಬಹಳ ಮರ್ಯಾದೆಯಿಂದ ತನ್ನ ಚೀಟಿ ಮುಂದೆ ಮಾಡಿದಳು. ‘ನೀವು ಕಲ್ತವರ ಕಾಣ್ತೀರಿ ಅಕ್ಕಾರ. ಇದರಾಗ ಏನ್ ಬರ್ದಾರ ಜರಾ ಹೇಳ್ರಿ.’

ಎರಡೇ ಅಕ್ಷರ ಇದ್ದವು. ನನ್ನ ಬಾಯಿ ಆಗಲೇ ಅರ್ಧ ತೆರೆದಿತ್ತು.